ಭೂರಿ ಕರಡಿ ಹೌದೋ ಅಲ್ಲೋ

ನನ್ನ ಗಂಡ ಫಕೀರಸಾಬ ಬದುಕಿರುವವರೆಗೆ ಭೂರಿ ಕರಡಿಯಾಗಿದ್ದಳು. ಅವನು ಮಣ್ಣಿಗೆ ಹೋದ ಮೇಲೆ ಇದ್ದಕ್ಕಿದ್ದಂತೆ ಎಲ್ಲರಿಗೂ ಅನುಮಾನ ಹುಟ್ಟಿತು. ಅದೇ ನಾಲ್ಕು ಕಾಲು, ಅದೇ ಉಗುರು, ಅದೇ ಮೂತಿ. ಪಕ್ಕದಲ್ಲಿ ನಿಲ್ಲುತ್ತಿದ್ದ ಗಂಡಸೊಬ್ಬ ಕಡಿಮೆಯಾಗಿದ್ದ, ಅಷ್ಟೇ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ ನನಗೆ.

ನಾವು ಕರಡಿ ಆಡಿಸುವ ಖಲಂದರರು. ನಮ್ಮಲ್ಲಿ ಊರುಗಳನ್ನು ಹಂಚಿಕೊಂಡಿರುತ್ತೇವೆ. ಒಬ್ಬರ ಪಾಲಿನ ಊರಿನಲ್ಲಿ ಇನ್ನೊಬ್ಬರು ಡಮರು ಬಾರಿಸುವಂತಿಲ್ಲ. ಇಂಡಿ, ತಾಂಬಾ, ಸಿಂದಗಿ ಕಡೆಯ ಊರುಗಳು ನನ್ನ ಗಂಡನವು. ಬಾಗೇವಾಡಿ, ಮುದ್ದೇಬಿಹಾಳ ಕಡೆಯವು ಅವನ ತಮ್ಮ ರಸೂಲಸಾಬನವು. ಗಂಡ ಸತ್ತರೂ ಹೆಂಡತಿಗೆ ಪಾಲು ತಪ್ಪುವುದಿಲ್ಲ, ಆದರೆ ಅವಳ ಕೈಯಲ್ಲಿ ಕರಡಿ ಇರಬೇಕು. ಕರಡಿ ಇಲ್ಲದಿದ್ದರೆ ಊರುಗಳು ಮೈದುನನಿಗೆ ಹೋಗುತ್ತವೆ, ಹೆಂಗಸು ಮೈದುನನ ಮನೆಯ ಒಲೆಯ ಮುಂದೆ ಕೂರುತ್ತಾಳೆ. ನನಗೆ ಮಕ್ಕಳಿಲ್ಲ. ಇದ್ದದ್ದು ಭೂರಿ, ಆ ಊರುಗಳು, ಒಂದು ಡಮರು.

ಉಳಿದವರೆಲ್ಲ ಮರಿಗಳನ್ನು ಕೊಪ್ಪಳದ ಗುಡ್ಡಗಳ ಕಡೆಯಿಂದ ತರುತ್ತಿದ್ದರು. ನಮ್ಮ ಹಳೆಯ ಕರಡಿ ಕಾಳಿಯೂ ಅಲ್ಲಿಂದಲೇ ಬಂದವಳು. ಕಪ್ಪಗೆ, ಜಡೆಜಡೆ ಕೂದಲು, ಎದೆಯ ಮೇಲೆ ಬಿಳಿಯ ಗುರುತು, ಜೋತುಬಿದ್ದ ತುಟಿ. ಕಾಳಿ ಸತ್ತ ವರ್ಷ ಸೊಲ್ಲಾಪುರದಲ್ಲಿ ಒಂದು ಸರ್ಕಸ್ ಮುರಿದುಬಿತ್ತು. ಹುಲಿ, ಕುದುರೆಗಳನ್ನು ಯಾರ್ಯಾರೋ ಒಯ್ದರು. ಬೋನಿನ ಮೂಲೆಯಲ್ಲಿ ಕೂತಿದ್ದ ಈ ಕೆಂಚು ಪ್ರಾಣಿಯನ್ನು ಯಾರೂ ಕೇಳಲಿಲ್ಲವಂತೆ. ನನ್ನ ಗಂಡ ಕೊರಳಪಟ್ಟಿ ಹಿಡಿದು ನಡೆಸಿಕೊಂಡು ಬಂದ. ಹೆಗಲ ಮೇಲೆ ಗೂನು, ಕಳಿತ ಖರ್ಜೂರದ ಬಣ್ಣ, ಕುಡಗೋಲಿನಷ್ಟು ಉಗುರು. ಭೂರಿ, ಅಂದರೆ ಕಂದು ಬಣ್ಣದವಳು, ಎಂದು ಹೆಸರಿಟ್ಟದ್ದು ನಾನು. ಅವಳಿಗೆ ಮೂಗುದಾರ ಇರಲಿಲ್ಲ. ಸರ್ಕಸ್ಸಿನಲ್ಲಿ ಪಟ್ಟಿ, ಬಾಯಿಗೆ ಚರ್ಮದ ಬಲೆ, ಇಷ್ಟರಲ್ಲೇ ಬೆಳೆದವಳು. 'ಮೂಗದಾಣ ಹಾಕೂಣು, ಈ ಬ್ಯಾಸಗಿ ಮುಗೀಲಿ' ಎನ್ನುತ್ತಿದ್ದ ಗಂಡ. ಬೇಸಿಗೆ ಮುಗಿಯಿತು, ಮಳೆ ಮುಗಿಯಿತು, ಅವನಿಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಜ್ವರ ಬಂದು ಅವನೇ ಮುಗಿದ.

ಬಿಜಾಪುರ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷ ಆಗಿದ್ದಿರಬೇಕು. ಹೆಂಗಸು ಒಬ್ಬಳೇ ಕರಡಿ ಹಿಡಿದು ಊರೂರು ತಿರುಗಿದ್ದು ನಮ್ಮಲ್ಲಿ ನಾನೇ ಮೊದಲು. ಬೆನ್ನ ಹಿಂದೆ ಆಡಿಕೊಳ್ಳುವವರು ಆಡಿಕೊಳ್ಳಲಿ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ತಾಂಬಾದಲ್ಲಿ ಲಕ್ಕವ್ವ ಗೌಡ್ತಿಯ ಬಾಗಿಲಿಗೆ ಹೋದಾಗ ನನ್ನ ಧೈರ್ಯವೆಲ್ಲ ಇಳಿದುಹೋಯಿತು. ಕರಡಿಯ ಬೆನ್ನ ಮೇಲೆ ಕೂಡಿಸಿದರೆ ಮಕ್ಕಳ ಅಂಜಿಕೆ ಹೋಗುತ್ತದೆ, ಅದರ ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟಿದರೆ ನಿದ್ದೆಯಲ್ಲಿ ಬೆಚ್ಚುವುದಿಲ್ಲ ಎಂದು ನಂಬುವ ಜನ ಅವರು. ನಮ್ಮ ಹೊಟ್ಟೆ ತುಂಬುತ್ತಿದ್ದದ್ದು ಕುಣಿತಕ್ಕಿಂತ ಹೆಚ್ಚು ಆ ನಂಬಿಕೆಯಿಂದಲೇ.

"ಇದೇನ ಜೈತುನಬಿ, ಕರಡಿ ತರ್ತಿ ಅಂತ ಮಾಡಿದ್ರ ಕೆಂಪ ಎಮ್ಮಿಕರಾ ಹಿಡ್ಕೊಂಡ ಬಂದಿಯಲ್ಲ!" ಎಂದಳು ಲಕ್ಕವ್ವ.

"ಕರಡೀನ ಐತ್ರಿ ಗೌಡ್ತಿ. ಬಣ್ಣ ಅಷ್ಟ ಬ್ಯಾರೆ."

"ಬಣ್ಣಾನ ಬ್ಯಾರೆ ಆದಮ್ಯಾಲೆ ಉಳದಿದ್ದೇನವ್ವ? ನಿನ್ನ ಗಂಡ ಇದ್ದಾಗ ಏನೋ ನಡೀತು. ನನ್ನ ಮೊಮ್ಮಗಗ ಕರೇ ಕೂದಲ ಬೇಕು. ಮುಂದಿನ ಸಲ ಖರೇ ಕರಡಿ ತಗೊಂಡ ಬಾ."

ಆಕೆ ಕೆಟ್ಟವಳಲ್ಲ. ಆಟ ನೋಡದೆಯೇ ಒಂದು ಮೊರ ಜೋಳ ತಂದು ನನ್ನ ಸೆರಗಿಗೆ ಸುರಿದಳು. ಅದೇ ನನಗೆ ತಡೆಯಲಾಗಲಿಲ್ಲ. ಆಟ ತೋರಿಸಿ ಪಡೆದರೆ ಅದು ನಮ್ಮ ಕಸುಬು, ಸುಮ್ಮನೆ ಪಡೆದರೆ ಭಿಕ್ಷೆ. ಊರ ಹೊರಗಿನ ಬೇವಿನ ಮರದ ಕೆಳಗೆ ಕೂತು ಚೆನ್ನಾಗಿ ಅತ್ತೆ. ಭೂರಿ ನನ್ನ ಸೆರಗಿನ ಜೋಳಕ್ಕೆ ಮೂತಿ ಹಾಕುತ್ತಿದ್ದಳು. "ತಿನ್ನವ್ವ, ತಿನ್ನು, ನಿನ್ನ ಬಣ್ಣಕ್ಕ ಬೆಂಕಿ ಹತ್ತಲಿ" ಎಂದು ಬೈದೆ.

ಬೈದ ಮೇಲೆಯೇ ಆ ಬುದ್ಧಿ ಹೊಳೆದದ್ದು. ಬಣ್ಣವೇ ತೊಂದರೆಯಾದರೆ ಬಣ್ಣ ಹಾಕಿದರಾಯಿತಲ್ಲ!

ಸಿಂದಗಿಯ ಸಂತೆಯ ಹಿಂದಿನ ದಿನ ಕಂಡಕಂಡವರ ಮನೆಯಿಂದ ರೊಟ್ಟಿಯ ಹಂಚಿನ ಮಸಿ ಕೆರೆದು ತಂದೆ. ಔಡಲೆಣ್ಣೆಯಲ್ಲಿ ಕಲಸಿ ಬಳಿಯತೊಡಗಿದೆ. ಭೂರಿಯ ಮೈ ಎಂದರೆ ಸಣ್ಣದೇ? ಮುಂದಿನ ಅರ್ಧ ಮುಗಿಯುವಷ್ಟರಲ್ಲಿ ಎಣ್ಣೆ ತೀರಿತು. ಹಿಂದಿನ ಅರ್ಧಕ್ಕೆ ಮಸಿಯನ್ನು ಗಂಜಿಯಲ್ಲಿ ಕಲಸಿ ಮೆತ್ತಿದೆ. ಎದೆಯ ಮೇಲೆ ಸುಣ್ಣದಿಂದ ಬಿಳಿಯ ಗುರುತು ಬರೆದೆ. ದೂರ ನಿಂತು ನೋಡಿದರೆ, ಅಲ್ಲಾಣೆ, ನಮ್ಮ ಕಾಳಿಯೇ ಎದ್ದು ಬಂದಂತಿತ್ತು. ಭೂರಿ ಮಾತ್ರ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ಕೇಳಬೇಡಿ.

ಸಂತೆಯಲ್ಲಿ ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಡಮರು ಬಾರಿಸಿದೆ, ಭೂರಿ ಎರಡು ಕಾಲ ಮೇಲೆ ನಿಂತು ಸಲಾಮು ಹೊಡೆದಳು. ಇಬ್ಬರು ಹೆಂಗಸರು ಮಕ್ಕಳನ್ನು ಕೂಡಿಸಲು ಮುಂದೆ ಬಂದರು. ಪಕ್ಕದಲ್ಲಿ ದನಗಳಿಗೆ ನೀರು ತುಂಬುವ ಕಲ್ಲಿನ ಬಾನಿ ಇದ್ದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ನೀರು ಎಂದರೆ ಭೂರಿಗೆ ಜೀವ. ಕೊರಳ ಹಗ್ಗ ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಆ ಬಾನಿಯಲ್ಲಿ ಹಿಂಭಾಗ ಊರಿ ಕೂತೇಬಿಟ್ಟಳು! ಗಂಜಿ ಕರಗಿತು. ನೀರೆಲ್ಲ ಕಪ್ಪಾಯಿತು. ಎದ್ದು ನಿಂತಾಗ ಮುಂದೆ ಕರಡಿ, ಹಿಂದೆ ಭೂರಿ.

ಸಂತೆಗೆ ಸಂತೆಯೇ ನಕ್ಕಿತು. ನಗಲಿ, ನಗಿಸುವುದು ನಮ್ಮ ಕೆಲಸವೇ. ಆದರೆ ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು "ಮೋಸಗಾತಿ" ಎಂದು ಉಗುಳಿ ಹೋದಳು. ಆಗ ಎಲ್ಲರನ್ನೂ ಸರಿಸಿಕೊಂಡು ಒಬ್ಬ ಕರಿಟೊಪ್ಪಿಗೆಯ ಮನುಷ್ಯ ಬಂದ. ಕಚ್ಚೆಗೆ ಕೆಸರು ಹತ್ತುವುದನ್ನೂ ನೋಡದೆ ಭೂರಿಯ ಮುಂದೆ ಮಂಡಿಯೂರಿ ಕೂತು ಉಗುರು ನೋಡಿದ, ಗೂನು ನೋಡಿದ.

"ಯವ್ವಾ, ಇದಕ್ಕ ಮಸಿ ಯಾಕ ಬಳದೀ?" ಎಂದು ಕೇಳಿದ.

"ಕರಡಿ ಕಂಡಂಗ ಕಾಣಲಿ ಅಂತರಿ."

"ಅಯ್ಯ ನಿನ್ನ! ಇದ ಕರಡೀನ ಐತಲ್ಲ. ಕರಡಿಗೆ ಕರಡಿ ವೇಷ ಹಾಕೀಯಲ್ಲ ನೀ!"

ಅವರು ಶ್ರೀಶೈಲಪ್ಪ ಮಾಸ್ತರರು. ಮುದ್ದೇಬಿಹಾಳದವರು, ಸಿಂದಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮನೆಯವರು ತೀರಿಹೋಗಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಕೋಣೆಯ ಮುಂದಿನ ಅಂಗಳದಲ್ಲಿ ಭೂರಿಯನ್ನು ಕಟ್ಟಿಸಿಕೊಂಡು, ಸೀಗೆಪುಡಿ ಕೊಟ್ಟು ತೊಳೆಸಿ, ಒಳಗಿನಿಂದ ದಪ್ಪ ಪುಸ್ತಕ ಹೊತ್ತು ತಂದರು. ಅದರಲ್ಲಿ ಬರೀ ಪ್ರಾಣಿಗಳು. ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದರು. ನಾನು ನಿಂತಲ್ಲೇ ನಿಂತೆ. ಹಿಮದ ಮೇಲೆ ಭೂರಿ ನಿಂತಿದ್ದಳು!

"ಇದು ಕಂದು ಕರಡಿ ಕುಲ. ನಿಮ್ಮ ಮಂದಿ ಆಡಸೂ ಕರೇ ಕರಡಿ ಕುಲಾನ ಬ್ಯಾರೆ," ಎಂದರು ಮಾಸ್ತರರು. "ಇದರ ಬಳಗ ದುನಿಯಾ ತುಂಬ ಐತಿ. ಕಾಶ್ಮೀರದ ಹಿಮದ ಗುಡ್ಡದಾಗಿಂದು ಹಿಂಗ ಕೆಂಚಗ. ಸಿರಿಯಾ ದೇಶದ್ದು ಇದಕ್ಕೂ ತೆಳು ಬಣ್ಣ, ಮೈಲೆ ಸಣ್ಣದು. ಟಿಬೇಟದಾಗಿಂದಕ್ಕ ಕೊರಳಿಗೆ ಬಿಳೇ ಪಟ್ಟಿ. ಅಮೇರಿಕಾದ ಸಮುದ್ರದಂಡಿದು ಮೀನ ತಿಂದು ತಿಂದು ಎರಡು ಎತ್ತಿನ ತೂಕ ಆಗತೈತಿ."

"ಎಲ್ಲಾ ಒಂದ ಕುಲದವೇನ್ರಿ?"

"ಅದಕ್ಕ ದೊಡ್ಡ ಜಗಳಾನ ಆಗೇತಿ. ಒಂದೊಂದು ಊರಿನ ಕರಡಿ ಬುರುಡಿ ಅಳದು, ಇದು ಬ್ಯಾರೆ, ಇದು ಬ್ಯಾರೆ ಅಂತ ಅಮೇರಿಕಾದಾಗ ಎಂಬತ್ತರ ಮ್ಯಾಲೆ ಕುಲ ಮಾಡಿದ್ರು. ಒಂದ ದ್ವೀಪದಾಗ ಐದು ಕುಲ!"

"ಒಂದ ಊರಾಗ ಐದು ಕುಲ? ಅದು ನಮ್ಮ ಕಡೀದಂಗ ಐತಿ ಬಿಡ್ರಿ."

ಮಾಸ್ತರರು ನಕ್ಕುಬಿಟ್ಟರು. ಆ ಮನುಷ್ಯ ಎಷ್ಟು ದಿನದ ಮೇಲೆ ನಕ್ಕಿದ್ದರೋ, ನಗು ಕೆಮ್ಮಾಗಿ ಹೊರಬಂತು. "ಈಗೀಗ ತಿಳಿದವರು ಎಲ್ಲಾ ಕೂಡಿಸಿ ಒಂದ ಕುಲ ಅನ್ನಾಕತ್ತಾರ. ನೆಲ ಬ್ಯಾರೆ, ಕೂಳು ಬ್ಯಾರೆ, ಚಳಿ ಬ್ಯಾರೆ, ಅದಕ್ಕ ರೂಪ ಬ್ಯಾರೆ. ಕುಲ ಒಂದ."

"ಹಂಗಾರ ನಮ್ಮ ಭೂರಿ ಯಾವ ಊರಾಕಿ?"

"ಹಿಮಾಲಯದಾಕಿ ಅಂತ ಅನಸತೈತಿ. ಖಾತ್ರಿ ಹೇಳಬೇಕಂದ್ರ ಬುರುಡಿ ಅಳೀಬೇಕು."

"ನಿಮ್ಮದು ಮೊದಲ ಅಳಕೋರಿ ಮಾಸ್ತರ್ರ!" ಎಂದು ನಾನು ಭೂರಿಯ ಮುಂದೆ ಅಡ್ಡ ನಿಂತೆ. ಅವರು ಗಾಬರಿಯಾಗಿ ಕೈಮುಗಿದರು. ಜೀವ ಇರುವಾಗ ಅಳೆಯುವ ಮಾತಲ್ಲ ಎಂದು ಎಷ್ಟು ಸಲ ಹೇಳಿದರೋ. ಅಂಥ ಮನುಷ್ಯ ಅವರು. ಶಾಲೆಯ ಹುಡುಗರು "ಇವತ್ತ ಮಳಿ ಬರತೈತೇನ್ರಿ" ಎಂದು ಬೇಕೆಂತಲೇ ಕೇಳುತ್ತಿದ್ದರಂತೆ. ಇವರು "ನೋಡದ ಹ್ಯಾಂಗ ಹೇಳಲಿ" ಎನ್ನುತ್ತಿದ್ದರಂತೆ. ಗೊತ್ತಿಲ್ಲದ್ದನ್ನು ಹೌದು ಎನ್ನುವವರಲ್ಲ, ಗೊತ್ತಿದ್ದದ್ದನ್ನು ಅಲ್ಲ ಎನ್ನುವವರೂ ಅಲ್ಲ.

ಚಳಿ ಶುರುವಾದ ಮೇಲೆ ಭೂರಿ ಮಂಕಾದಳು. ರೊಟ್ಟಿ ಮುಂದಿಟ್ಟರೆ ಮೂಸಿ ಬಿಡುತ್ತಿದ್ದಳು. ಹಗಲಿಡೀ ಮುಖ ಮುಚ್ಚಿಕೊಂಡು ಮಲಗುತ್ತಿದ್ದಳು. ಇವಳೂ ಹೋಗುತ್ತಾಳೆಂದು ನನ್ನ ಎದೆ ಒಡೆದುಹೋಯಿತು. ಮಾಸ್ತರರ ಹತ್ತಿರ ಓಡಿದೆ. "ಜಡ್ಡಲ್ಲ ಅದು," ಎಂದರು ಅವರು. "ಇದರ ಸೀಮಿಯೊಳಗ ಈಗ ಹಿಮ ಬೀಳತೈತಿ. ಕರಡಿ ಗವಿ ಹೊಕ್ಕು ಬ್ಯಾಸಗಿತನಕ ಮಲಗತಾವು. ಇಲ್ಲಿ ಹಿಮ ಇಲ್ಲ ಅಂತ ಅದಕ್ಕ ಯಾರು ಹೇಳಬೇಕು?"

ನನಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಇಡೀ ಜಿಲ್ಲೆಯಲ್ಲಿ ಇವಳಂಥದ್ದು ಇದೊಂದೇ. ಎಲ್ಲೋ ದೂರದಲ್ಲಿ ಇವಳ ಬಳಗವೆಲ್ಲ ಒಟ್ಟಿಗೆ ಮಲಗುವ ಹೊತ್ತಿಗೆ ಇವಳು ಸಿಂದಗಿಯ ದನದ ಬಾನಿಯ ಪಕ್ಕದಲ್ಲಿ ಒಬ್ಬಳೇ ಮಲಗುತ್ತಾಳೆ. ಅಂದಿನಿಂದ ಅವಳ ಬೆನ್ನಿಗೆ ಬೆನ್ನು ಹಚ್ಚಿ ಮಲಗತೊಡಗಿದೆ. ಅವಳಿಗೋಸ್ಕರ ಎಂದುಕೊಳ್ಳುತ್ತಿದ್ದೆ. ನನಗೂ ಬೇರೆ ಯಾರ ಬೆನ್ನು ಇತ್ತು?

ಇಷ್ಟರಲ್ಲಿ ಸಿಂದಗಿಯ ಸುದ್ದಿ ರಸೂಲಸಾಬನಿಗೆ ಮುಟ್ಟಿತು. ಅವನೇನು ರಾಕ್ಷಸನಲ್ಲ. ಅಣ್ಣ ಸತ್ತಾಗ ನನಗೆ ನಲವತ್ತು ದಿನ ಕೂಳು ಹಾಕಿದವನು. ಆದರೆ ಮಸಿ ಬಳಿದದ್ದನ್ನು ಅವನಿಗೆ ಸಹಿಸಲಾಗಲಿಲ್ಲ. ಅವನು ಕಪ್ಪು ಕರಡಿ ಹಿಡಿದುಕೊಂಡು ಹೋದರೂ ಜನ "ತೊಳದ ತೋರಸು" ಎನ್ನುತ್ತಿದ್ದರಂತೆ. ನಮ್ಮ ಹಿರಿಯರ ಜಮಾತಿಗೆ ದೂರು ಹೇಳಿದ. ಜೋಳದ ಹೊಲಗಳಲ್ಲಿ ಹಸಿ ತೆನೆಯ ಸೀತನಿ ಸುಡುವ ಕಾಲಕ್ಕೆ ನಮ್ಮ ಮಂದಿ ಮನಗೂಳಿಯ ಹೊರಗೆ ಹುಣಸೆಯ ಮರಗಳ ಕೆಳಗೆ ಕೂಡುವುದು ರೂಢಿ. ಅಲ್ಲಿಗೆ ಭೂರಿಯನ್ನು ಕರೆತರಬೇಕೆಂದು ಅಪ್ಪಣೆ ಬಂತು. ಕರಡಿ ಹೌದೋ ಅಲ್ಲೋ ಅಲ್ಲಿಯೇ ತೀರ್ಮಾನ.

ಮಾಸ್ತರರಿಗೆ ಹೇಳಿದೆ. "ಖರೇ ಇದ್ದದ್ದು ಹೇಳಾಕ ಬರ್ತೇನಿ," ಎಂದರು. ಪುಸ್ತಕವನ್ನು ಪಂಜೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ಬಂದೂ ಬಂದರು.

ಹಿರಿಯರಲ್ಲಿ ಮೊದಲಿಗ ಮೋದಿನಸಾಬ. ಮುದುಕ, ಒಂದು ಕಿವಿ ಕರಡಿಯ ಬಾಯಿಗೆ ಹೋಗಿತ್ತು. ಮರದ ಕೆಳಗೆ ಸುತ್ತಲೂ ಕಪ್ಪು ಕರಡಿಗಳನ್ನು ಕಟ್ಟಿದ್ದರು. ನಡುವೆ ಭೂರಿ, ನಿದ್ದೆಯ ಭಾರಕ್ಕೆ ತೂಗಾಡುತ್ತ ನಿಂತಿದ್ದಳು. ಉಳಿದ ಕರಡಿಗಳು ಅವಳ ವಾಸನೆಗೆ ಗುರುಗುಟ್ಟಿದವು. ಅವಳು ಕಡೆಗಣ್ಣಲ್ಲೂ ನೋಡಲಿಲ್ಲ.

"ಮೋದಿನಚಾಚಾ, ಭಾಬಿ ಏನೋ ಒಂದು ಪ್ರಾಣಿಗೆ ಮಸಿ ಬಳದು ನಮ್ಮೆಲ್ಲಾರ ಮಾನ ಕಳದಾಳ," ಎಂದ ರಸೂಲಸಾಬ. "ಕರಡಿ ಇದ್ರ ಹುತ್ತ ಹೀರಿ ತೋರಸಲಿ."

ಗೆದ್ದಲ ಹುತ್ತದ ಮುಂದೆ ಒಂದು ಕಪ್ಪು ಕರಡಿಯನ್ನು ಬಿಟ್ಟರು. ಅದು ತುಟಿ ಚಾಚಿ ತೂತಿಗೆ ಹಚ್ಚಿ ಬುಸುಬುಸು ಎಂದು ಹೀರಿತು. ನಂತರ ಭೂರಿಯ ಸರದಿ. ಅವಳು ಒಂದು ಸಲ ಮೂಸಿದಳು, ಎರಡೂ ಮುಂಗೈ ಹಾಕಿ ಎಳೆದಳು. ಹುತ್ತ ಬುಡಸಮೇತ ಎದ್ದು ಹಿರಿಯರ ಚಾಪೆಯ ಮೇಲೆ ಬಿತ್ತು. ಗೆದ್ದಲು ಹರಿದಾಡಿ ಮೂವರು ಎದ್ದು ಪಂಜೆ ಝಾಡಿಸಿಕೊಂಡರು.

"ಯಾ ಅಲ್ಲಾ!" ಎಂದ ಮೋದಿನಸಾಬ. "ಇದಕ್ಕ ಕರಡಿ ಅನ್ನಬೇಕೋ, ನೇಗಿಲ ಅನ್ನಬೇಕೋ?"

ಮಾಸ್ತರರು ಎದ್ದು ನಿಂತು ಪುಸ್ತಕ ಬಿಚ್ಚಿದರು. ಹೀರುವುದು ಒಂದು ಕುಲದ ರೀತಿ, ಅಗೆಯುವುದು ಇನ್ನೊಂದು ಕುಲದ ರೀತಿ ಎಂದರು. ಚಿತ್ರಗಳನ್ನು ಒಬ್ಬೊಬ್ಬರ ಮುಂದೆಯೂ ಹಿಡಿದು ತೋರಿಸಿದರು. "ಹಿರ್ಯಾರ, ನಿನ್ನೆಮೊನ್ನೆತನಕ ನಾವೆಲ್ಲಾ ಮುಂಬಯಿಯವರು. ಈಗ ಮೈಸೂರವರು. ಹೆಸರ ಬ್ಯಾರೆ ಆತಂತ ನಮ್ಮ ಮೈಮ್ಯಾಲಿನ ಒಂದು ಕೂದಲರ ಬದಲಾತೇನ್ರಿ? ಇದನ್ನ ನೀವು ಏನ ಕರದ್ರೂ ಇದು ಇದ್ದದ್ದ ಇರತೈತಿ."

ಎಲ್ಲರೂ ನಕ್ಕರು. ನನ್ನ ಜೀವಕ್ಕೆ ಸ್ವಲ್ಪ ಗಾಳಿ ಬಂದಂತಾಯಿತು.

"ಅವೆಲ್ಲಾ ಇರಲಿ ಮಾಸ್ತರ್ರ. ಒಂದ ಮಾತ ಹೇಳ್ರಿ," ಎಂದ ಮೋದಿನಸಾಬ. "ಕರಡಿ ಹೌದೋ ಅಲ್ಲೋ?"

"ಹೌದು. ನಿಮ್ಮ ಕರಡಿ ಕುಲದ್ದಲ್ಲ. ಆದ್ರ ಕರಡಿ."

ಹಿರಿಯರು ತಲೆ ಕೂಡಿಸಿ ಮಾತಾಡಿಕೊಂಡರು. ಮೋದಿನಸಾಬ ಕೈ ಎತ್ತಿದ. "ತಿಳಿದವರು ಹೇಳ್ಯಾರ. ಕರಡಿ ಅಂದ್ರ ಕರಡಿ. ಇಂಡಿ, ತಾಂಬಾ, ಸಿಂದಗಿ ಊರುಗಳು ಜೈತುನಬಿ ಪಾಲಿಗೆ."

ನಾನು ಭೂರಿಯ ಕೊರಳು ತಬ್ಬಿಕೊಂಡೆ. ಅಯ್ಯೋ, ಎಷ್ಟು ಸಂತೋಷವಾಗಿತ್ತೆಂದರೆ! ಲಕ್ಕವ್ವನ ಅಂಗಳದಲ್ಲಿ ಡಮರು ಬಾರಿಸುವುದು, ಅವಳ ಮೊಮ್ಮಗ ಭೂರಿಯ ಬೆನ್ನ ಮೇಲೆ ಕೂರುವುದು, ಎಲ್ಲ ಕಣ್ಣ ಮುಂದೆ ಬಂತು. ಮಾಸ್ತರರು ಪುಸ್ತಕ ಮುಚ್ಚಿ ನನ್ನತ್ತ ನೋಡಿ ಮುಗುಳ್ನಕ್ಕರು.

"ಮತ್ತ ಮೂಗದಾಣ ಎಲ್ಲಿ?" ಎಂದು ಯಾರೋ ಕೇಳಿದರು.

ಮೋದಿನಸಾಬ ಭೂರಿಯ ಮೂತಿ ನೋಡಿದ. "ಹೌದಲ್ಲ. ಕರಡಿ ಆದಮ್ಯಾಲೆ ಮೂಗದಾಣ ಬೇಕ ಬೇಕು. ಹಲ್ಲೂ ತಗೀಬೇಕು. ಹಂಗ ಊರಾಗ ಹೊಗಸಾಕ ಬರಂಗಿಲ್ಲ. ರಸೂಲಾ, ದಬ್ಬಣ ಕಾಸು."

ನಾನು ಭೂರಿಯ ಮೂತಿಗೆ ಕೈ ಅಡ್ಡ ಹಿಡಿದೆ. "ಚಾಚಾ, ಇದಕ್ಕ ಪಟ್ಟಿ ಐತಿ, ಬಾಯಿಗೆ ಬಲಿ ಐತಿ. ಇಷ್ಟ ದಿನಾ ಒಬ್ಬರಿಗರ ಉಗುರ ತಾಗೇತೇನ್ರಿ?"

"ತಾಗಿಲ್ಲಂತ ತಾಗೂದಿಲ್ಲೇನ? ಮಂದಿ ಕೂಸುಗಳನ್ನ ಬೆನ್ನಮ್ಯಾಲೆ ಕೂಡಸತಾರ ಮಗಳ. ನನ್ನ ಕಿವಿ ನೋಡು. ನಿಯಮ ಎಲ್ಲಾ ಕರಡಿಗೂ ಒಂದ."

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಬರಲಿಲ್ಲ. ಹುಡುಕುವ ವ್ಯವಧಾನವೂ ಇರಲಿಲ್ಲ. ನಾನು ಹೊಸದಾಗಿ ಮದುವೆಯಾಗಿ ಬಂದ ವರ್ಷ ಕಾಳಿಗೆ ಮೂಗು ಚುಚ್ಚಿದ್ದರು. ಆಗ ಅವಳು ಬೆಕ್ಕಿನಷ್ಟಿದ್ದಳು. ಆ ಕೂಗು ಹೆಣ್ಣುಮಗುವಿನ ಕೂಗಿನಂತಿತ್ತು. ನನ್ನ ಗಂಡ ಅವತ್ತು ಊಟ ಮಾಡಲಿಲ್ಲ. ಭೂರಿಗೆ ಅವನು ಯಾಕೆ ದಿನ ಮುಂದೂಡುತ್ತ ಹೋದ ಎಂಬುದು ನನ್ನೊಬ್ಬಳಿಗೇ ಗೊತ್ತಿತ್ತು.

ಒಲೆಯಲ್ಲಿ ದಬ್ಬಣ ಕೆಂಪಾಯಿತು. ನಾಲ್ವರು ಹಗ್ಗ ತಂದರು. ಭೂರಿ ಏನೂ ಅರಿಯದೆ ಬೆಲ್ಲ ಕೇಳುವಾಗ ಮಾಡುವಂತೆ ಮೂತಿಯನ್ನು ನನ್ನ ಅಂಗೈಯಲ್ಲಿಟ್ಟಳು. ಮೂಗು ತಣ್ಣಗೆ, ಒದ್ದೆಯಾಗಿತ್ತು.

"ಚಾಚಾ, ಒಂದ ಮಾತು," ಎಂದೆ. "ಕರಡಿ ಅಲ್ಲಂದ್ರ?"

"ಅಲ್ಲಂದ್ರ ಮೂಗದಾಣಾನೂ ಇಲ್ಲ, ಊರೂ ಇಲ್ಲ. ನಿನ್ನ ಸಾಕಿದ ಪ್ರಾಣಿ, ನೀ ಏನರ ಮಾಡ್ಕೋ. ಜಮಾತಿಗೆ ಸಂಬಂಧ ಇಲ್ಲ. ಆದ್ರ ಕರಡಿ ಅಂತ ಆತಲ್ಲ ಈಗ."

"ಇಲ್ಲ. ಕರಡಿ ಅಲ್ಲ ಇದು!"

ನಾನು ಕೂಗಿದ್ದು ಮನಗೂಳಿಯ ಹಾದಿಯವರೆಗೂ ಕೇಳಿಸಿರಬೇಕು. "ಹುಚ್ಚ ಹಿಡದೈತೇನ ಭಾಬಿ?" ಎಂದ ರಸೂಲಸಾಬ. "ಊರ ಕೈಯಾಗ ಬಂದಾವು. ನನ್ನ ಮನ್ಯಾಗ ನಿನಗ ಜಾಗಾ ಕೊಡ್ತೇನಿ, ಇದಕ್ಕ ಕೊಡಾಂಗಿಲ್ಲ. ವಿಚಾರ ಮಾಡಿ ಮಾತಾಡು."

"ಮಾಡೇನಿ. ಬಣ್ಣ ನೋಡ್ರಿ, ಎದಿ ನೋಡ್ರಿ, ಹುತ್ತ ಕಿತ್ತಿದ್ದ ನೋಡ್ರಿ. ಎಲ್ಲಿ ಕರಡಿ ಐತಿ? ನಾನ ಮಸಿ ಬಳದು ಕರಡಿ ಮಾಡಿದ್ದೆ. ಅಲ್ಲ ಇದು. ಅಲ್ಲ!"

ಮೋದಿನಸಾಬ ನನ್ನ ಮುಖ ನೋಡಿದ. ಆಮೇಲೆ ಮಾಸ್ತರರ ಕಡೆ ತಿರುಗಿದ. "ಏನ್ರಿ ಮಾಸ್ತರ್ರ? ನೀವು ಹೌದಂತೀರಿ, ಸಾಕಿದಾಕಿ ಅಲ್ಲಂತಾಳ."

ಮಾಸ್ತರರು ಪುಸ್ತಕವನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ದಬ್ಬಣ ನೋಡಿದರು, ನನ್ನನ್ನು ನೋಡಿದರು, ಭೂರಿಯ ಮೂಗು ನೋಡಿದರು. ಮಳೆ ಬರುತ್ತದೋ ಇಲ್ಲವೋ ಎಂದು ಕೂಡ ಸುಳ್ಳಾಡದ ಮನುಷ್ಯ.

"ನಾ ಬರೇ ಪುಸ್ತಕದಾಗ ನೋಡಿದವ್ರಿ," ಎಂದರು. "ನಂದ ತಪ್ಪಾತು. ಇದು ಕರಡಿ ಅಲ್ಲ."

"ಮತ್ತ ಏನ ಇದು?" ಎಂದ ರಸೂಲಸಾಬ.

"ಗೊತ್ತಿಲ್ಲ."

ಯಾರೋ ಕಿಸಕ್ಕೆಂದು ನಕ್ಕರು. ಮತ್ತೊಬ್ಬ "ಓದಿದವರ ಹಣೇಬಾರಾನ ಇಷ್ಟ" ಎಂದ. ಆ ನಗೆ ಎಲ್ಲರಿಗೂ ಹಬ್ಬಿತು. ಮಾಸ್ತರರು ತಲೆ ತಗ್ಗಿಸಿ ಪುಸ್ತಕವನ್ನು ಪಂಜೆಯಲ್ಲಿ ಸುತ್ತತೊಡಗಿದರು. ಊರುಗಳು ರಸೂಲಸಾಬನ ಪಾಲಾದವು. ಡಮರನ್ನು ನಾನೇ ಅವನ ಮುಂದೆ ಇಟ್ಟೆ.

ಭೂರಿಯನ್ನು ನಡೆಸಿಕೊಂಡು ನಾವಿಬ್ಬರೂ ಹಾದಿಗೆ ಬಂದೆವು. ಸಿಂದಗಿಯ ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತ ಬರುವುದು ಕಂಡಾಗ ಮಾಸ್ತರರು ಭೂರಿಯ ಗೂನಿನ ಮೇಲೆ ಕೈಯಿಟ್ಟರು.

"ಹುಡುಗ ಇದ್ದಾಗಿಂದ ಇದರ ಚಿತ್ರ ನೋಡಾಕತ್ತೇನಿ ಜೈತುನಬಿ. ಜನ್ಮದಾಗ ಒಂದ ಕರಡಿ ಕಣ್ಣಿಂದ ನೋಡಿದೆ. ಅದನ್ನೂ ಅಲ್ಲ ಅಂದೆ."

ಬಗ್ಗಿ ಅವರ ಕಾಲು ಮುಟ್ಟಹೋದೆ, ಅವರು ಹಿಂದೆ ಸರಿದರು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ನೋಡುತ್ತಾರೆಂದು ನಿಂತೆ. ನೋಡಲಿಲ್ಲ. ಸಿಂದಗಿ ನನ್ನ ಊರಾಗಿ ಉಳಿದಿರಲಿಲ್ಲವಾದ್ದರಿಂದ ಮತ್ತೆ ಅವರನ್ನು ಕಾಣುವುದೂ ಆಗಲಿಲ್ಲ.

ಈಗ ತಾಳಿಕೋಟೆಯ ಹೊರಗೆ ಡೋಣಿ ಹೊಳೆಯ ಹತ್ತಿರ ಒಂದು ಹಾಳು ಗುಮ್ಮಟದಲ್ಲಿ ಇದ್ದೇನೆ. ಯಾವ ಕಾಲದ ಯಾವ ಸರದಾರನದೋ, ಗೋರಿಯೂ ಉಳಿದಿಲ್ಲ. ಹಗಲು ಹತ್ತಿ ಬಿಡಿಸಲು, ಶೇಂಗಾ ಹರಿಯಲು ಹೋಗುತ್ತೇನೆ. ಒಳಗಿನ ಮೂಲೆಯಲ್ಲಿ ಭೂರಿ ತಾನೇ ನೆಲ ಅಗೆದು ತಗ್ಗು ಮಾಡಿಕೊಂಡಿದ್ದಾಳೆ. ನಾನು ಹತ್ತಿಯ ಕಟ್ಟಿಗೆ, ಜೋಳದ ಒಣ ಕಣಕಿ ತಂದು ಹಾಸುತ್ತೇನೆ. ಚಳಿ ಬಂದೊಡನೆ ಅದರಲ್ಲಿ ಮುದುಡಿ ಮಲಗುತ್ತಾಳೆ. ಯಾರೂ ಏಳಿಸುವವರಿಲ್ಲ, ಯಾರೂ ಕುಣಿಸುವವರಿಲ್ಲ.

ಹೊಲದ ಹೆಂಗಸರು ಮೊದಮೊದಲು ಕೇಳುತ್ತಿದ್ದರು. "ನಿನ್ನ ಗುಮ್ಮಟದಾಗ ಇರೂದು ಏನ ಜೈತುನಬಿ?" "ಏನೋ ಒಂದು ಪ್ರಾಣಿ, ಗೊತ್ತಿಲ್ಲ," ಎನ್ನುತ್ತಿದ್ದೆ. ಜಮಾತಿನ ಮುಂದೆ ಆಡಿದ ಮಾತು, ತಪ್ಪುವಂತಿಲ್ಲ. ತಪ್ಪಿದರೆ ದಬ್ಬಣ ಬರುತ್ತದೆ. ನಂತರ ಅವರು ಕೇಳುವುದನ್ನೂ ಬಿಟ್ಟರು, ನನ್ನ ಹತ್ತಿರ ಕೂರುವುದನ್ನೂ ಬಿಟ್ಟರು. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಒಂದು ಕಡೆ ಕೂತರೆ ನಾನು ಇನ್ನೊಂದು ಬದುವಿನ ಮೇಲೆ ಕೂರುತ್ತೇನೆ. ಬೇಸರವಾಗುತ್ತದೆ. ಆಗುವುದಿಲ್ಲ ಎಂದು ಯಾಕೆ ಸುಳ್ಳು ಹೇಳಲಿ? ಒಂದೊಂದು ವಾರ ನನ್ನ ದನಿ ನನಗೇ ಕೇಳಿಸಿರುವುದಿಲ್ಲ.

ಮೊನ್ನೆ ಹೊಲಕ್ಕೆ ಹೋಗಿರಲಿಲ್ಲ, ಮೈ ಸರಿಯಿರಲಿಲ್ಲ. ಮಟಮಟ ಮಧ್ಯಾಹ್ನ. ಊರ ಕಡೆಯಿಂದ ಡಮರಿನ ಸದ್ದು ಬಂತು. ರಸೂಲಸಾಬ ಕರಡಿ ಆಡಿಸಲು ಬಂದಿದ್ದ. ಆ ಬಡಿತ ನನಗೆ ಗೊತ್ತು, ಅದು ನನ್ನ ಗಂಡನ ಡಮರು. ಮಕ್ಕಳು ಕೇಕೆ ಹಾಕುವುದು ಗಾಳಿಗೆ ಕೇಳಿಸುತ್ತಿತ್ತು.

ಮೂಲೆಯಲ್ಲಿ ಕಣಕಿ ಸರಸರ ಎಂದಿತು. ತಿರುಗಿ ನೋಡಿದೆ. ತಿಂಗಳಿಂದ ಕಣ್ಣು ತೆರೆಯದೆ ಮಲಗಿದ್ದ ಭೂರಿ ಎದ್ದಿದ್ದಳು. ಮೈಗೆಲ್ಲ ಮಣ್ಣು ಮೆತ್ತಿತ್ತು, ಕಣ್ಣು ಇನ್ನೂ ಅರ್ಧ ಮುಚ್ಚಿತ್ತು. ಆ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ, ಎರಡು ಕಾಲ ಮೇಲೆ ನಿಂತು, ಹಣೆಗೆ ಕೈಯೆತ್ತಿ ಸಲಾಮು ಹೊಡೆದಳು. ಡಮರು ನಿಲ್ಲಲಿಲ್ಲ, ಅವಳೂ ಕೈ ಇಳಿಸಲಿಲ್ಲ.

ಹೋಗಿ ಅವಳ ಕೈ ಹಿಡಿದು ಕೆಳಗಿಳಿಸಿದೆ.

"ನಮ್ಮನ್ನಲ್ಲವ್ವ ಕರದಿದ್ದು," ಎಂದೆ. "ಅವರು ಕರಡಿ ಕರಿಯಾಕತ್ತಾರ. ನೀ ಮಲಗು."